ಮೂಲ, ಪ್ರತಿ, ಪಾಠಾಂತರ: ಔಷಧೀಯ ಸಸ್ಯಗಳ ಅಂಗಾಂಶ ಕೃಷಿಯ ಚರಿತ್ರೆಯಲ್ಲಿ ಆನುವಂಶಿಕ ಸ್ಥಿರತೆಯ ಪ್ರಶ್ನೆ

1

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ‘ಪ್ರತಿ’ ಎಂಬ ಮಾತು ಸರಳವಾದುದಾಗಿ ತೋರುವುದಿಲ್ಲ. ಓಲೆಗರಿಯ ಒಂದು ಕಟ್ಟನ್ನು ಮುಂದಿಟ್ಟುಕೊಂಡು ಇನ್ನೊಂದನ್ನು ಬರೆಯುವ ಲಿಪಿಕಾರನು ಎಷ್ಟೇ ಶ್ರದ್ಧಾವಂತನಾಗಿದ್ದರೂ ಎಲ್ಲಿಯೋ ಒಂದು ಅಕ್ಷರ ಬೀಳುತ್ತದೆ, ಒಂದು ಸಾಲು ಹಾರಿಹೋಗುತ್ತದೆ, ಅಂಚಿನಲ್ಲಿದ್ದ ಟಿಪ್ಪಣಿಯೊಂದು ಮೂಲದೊಳಗೆ ಸೇರಿಕೊಳ್ಳುತ್ತದೆ. ಕಾವ್ಯದಲ್ಲಿ ಇಂತಹ ಪಾಠಾಂತರಗಳು ಬಹುಮಟ್ಟಿಗೆ ಅರ್ಥದ ಮತ್ತು ಛಂದಸ್ಸಿನ ಚರ್ಚೆಗೆ ಸೀಮಿತವಾಗಿರುತ್ತವೆ. ವೈದ್ಯಗ್ರಂಥಗಳಲ್ಲಿ ಹಾಗಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವಾಗಲಿ, ವಿಷವೈದ್ಯವನ್ನು ಕುರಿತ 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಾಗಲಿ, ಪ್ರತಿ ಮಾಡುವಾಗ ಒಂದು ಮೂಲಿಕೆಯ ಹೆಸರನ್ನೋ ತೂಕವನ್ನೋ ಕಳೆದುಕೊಂಡರೆ ಅದರ ಪರಿಣಾಮ ಆಗುವುದು ರೋಗಿಯ ದೇಹದ ಮೇಲೆ. ಆದ್ದರಿಂದಲೇ ಇಂತಹ ಕೃತಿಗಳನ್ನು ಸಂಪಾದಿಸುವವರು ಪ್ರತಿಗಳ ವಂಶವನ್ನು ವಿಶೇಷ ಎಚ್ಚರದಿಂದ ಗುರುತಿಸಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಮೂಲಿಕೆಯನ್ನು ಕುರಿತ ಬರಹಕ್ಕೆ ಮಾತ್ರವಲ್ಲದೆ ಮೂಲಿಕೆಗೇ ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ಗಿಡದ ಒಂದು ಮೊಗ್ಗನ್ನೋ ಎಲೆಯ ತುಣುಕನ್ನೋ ಸೂಕ್ಷ್ಮಾಣುಗಳಿಲ್ಲದಂತೆ ಶುಚಿಗೊಳಿಸಿ, ಸಕ್ಕರೆ, ಲವಣ, ಜೀವಸತ್ವ ಮತ್ತು ಸಸ್ಯಹಾರ್ಮೋನುಗಳನ್ನು ಬೆರೆಸಿದ ಪೋಷಕ ಮಾಧ್ಯಮದಲ್ಲಿಟ್ಟು, ಅದರಿಂದ ನೂರಾರು ಸಾವಿರಾರು ಸಸಿಗಳನ್ನು ಪಡೆಯುವ ಈ ವಿಧಾನವನ್ನು ವಿಜ್ಞಾನಿಗಳು ಮೈಕ್ರೋಪ್ರಾಪಗೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಅಂಗಾಂಶ ಕೃಷಿ ಎಂಬ ಮಾತು ಬಳಕೆಗೆ ಬಂದಿದೆ; ಬಾಳೆ ಬೆಳೆಯುವ ರೈತರ ಬಾಯಲ್ಲಿ ಅದು ‘ಟಿಶ್ಯೂ ಕಲ್ಚರ್’ ಎಂದೇ ಉಳಿದಿದೆ. ಹೀಗೆ ಹುಟ್ಟಿದ ಸಸಿಯು ತಾಯಿಗಿಡದ ಯಥಾಪ್ರತಿಯೇ ಎಂಬ ಪ್ರಶ್ನೆಗೆ ‘ಆನುವಂಶಿಕ ಸ್ಥಿರತೆ’ಯ ಪ್ರಶ್ನೆಯೆಂದು ಹೆಸರು. ಪ್ರಸ್ತುತ ಲೇಖನದ ಉದ್ದೇಶ ಈ ಪ್ರಶ್ನೆಯ ಚರಿತ್ರೆಯನ್ನು, ಮುಖ್ಯವಾಗಿ ಭಾರತದ ಪ್ರಯೋಗಶಾಲೆಗಳ ಹಿನ್ನೆಲೆಯಲ್ಲಿ, ಸ್ಥೂಲವಾಗಿ ನಿರೂಪಿಸುವುದು. ಪ್ರತಿಯ ನಿಷ್ಠೆಯು ಮೊದಲು ಒಂದು ನಂಬಿಕೆಯಾಗಿತ್ತು, ಅನಂತರ ಸಂದೇಹವಾಯಿತು, ಈಚೆಗೆ ಪ್ರಮಾಣಪತ್ರವಾಗಿದೆ. ಈ ಮೂರು ಘಟ್ಟಗಳಲ್ಲಿ ಏನೇನು ತಿಳಿಯಿತು, ಏನು ಇನ್ನೂ ಪರೀಕ್ಷೆಯ ಹೊರಗೇ ಉಳಿದಿದೆ ಎಂಬುದು ಇಲ್ಲಿಯ ವಿಚಾರ.

2

ಔಷಧೀಯ ಸಸ್ಯಗಳಿಗೆ ಪ್ರತಿಗಳು ಏಕೆ ಬೇಕಾದುವು ಎಂಬುದಕ್ಕೆ ಸರ್ಪಗಂಧದ ಚರಿತ್ರೆ ಒಳ್ಳೆಯ ನಿದರ್ಶನ. ಕನ್ನಡದಲ್ಲಿ ಸೂತ್ರನಾಭಿಯೆಂದೂ ಕರೆಯಲ್ಪಡುವ ಈ ಕಿರುಗಿಡದ ಬೇರು ನಾಡವೈದ್ಯದಲ್ಲಿ ಬಹುಕಾಲದಿಂದ ಪರಿಚಿತ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಉನ್ಮಾದ ಹಾಗೂ ರಕ್ತದ ಒತ್ತಡದ ಚಿಕಿತ್ಸೆಯಲ್ಲಿ ಇದರ ಉಪಯೋಗವನ್ನು ಕುರಿತು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಅವರು ಬೇರಿನಿಂದ ಅಜ್ಮಲೀನ್ ಮೊದಲಾದ ಕ್ಷಾರಾಭಗಳನ್ನು ಬೇರ್ಪಡಿಸಿದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಚಿಕಿತ್ಸಾ ಪರೀಕ್ಷೆಯ ಫಲಿತಾಂಶಗಳು ಪಾಶ್ಚಾತ್ಯ ವೈದ್ಯಲೋಕದ ಗಮನವನ್ನು ಸೆಳೆದುವು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಸಂಸ್ಥೆಯ ಮುಲ್ಲರ್, ಶ್ಲಿಟ್ಲರ್ ಮತ್ತು ಬೈನ್ ಅವರು ರಿಸರ್ಪೀನ್ ಎಂಬ ಮುಖ್ಯ ಕ್ಷಾರಾಭವನ್ನು ಪ್ರತ್ಯೇಕಿಸಿದ ಬಳಿಕ ಭಾರತದ ಕಾಡುಗಳ ಈ ಬೇರಿಗೆ ಜಗತ್ತಿನ ಮಾರುಕಟ್ಟೆ ತೆರೆಯಿತು.

ಬೇರೇ ಔಷಧವಾದ ಗಿಡದ ದುರ್ದೈವವೆಂದರೆ ಔಷಧವನ್ನು ತೆಗೆದುಕೊಂಡರೆ ಗಿಡವೇ ಉಳಿಯುವುದಿಲ್ಲ. ಸರ್ಪಗಂಧದ ಬೀಜಗಳು ಮೊಳೆಯುವುದು ಕಡಿಮೆ. ಮೊಳೆತರೂ ಒಂದೇ ಸಮನಾಗಿರುವುದಿಲ್ಲ. ಕಾಡಿನ ಗಿಡಗಳು ವಿರಳವಾಗುತ್ತ ಬಂದು, 1990ರಲ್ಲಿ ಇದು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ‘ಸೈಟ್ಸ್’ನ ಎರಡನೆಯ ಅನುಬಂಧದಲ್ಲಿ ಸೇರಿತು. ಹೀಗೆ ಬೀಜದಿಂದ ಸುಲಭವಾಗಿ ಹೆಚ್ಚದ, ಕಾಡಿನಿಂದ ಕೀಳಲೂಬಾರದ ಸಸ್ಯಕ್ಕೆ ಮೂರನೆಯ ದಾರಿಯೊಂದು ಬೇಕಾಯಿತು. ಆ ದಾರಿ ಅಂಗಾಂಶ ಕೃಷಿಯೆಂಬ ಭರವಸೆ ಇಲ್ಲಿಂದಲೇ ಬೆಳೆದದ್ದು.

3

ಬೀಜವಿಲ್ಲದೆ ಗಿಡವನ್ನು ಹೆಚ್ಚಿಸುವ ವಿದ್ಯೆ ಹೊಸದೇನಲ್ಲ. ಬಾಳೆಯ ಕಂದನ್ನು ಕಿತ್ತು ನೆಡುವುದು, ಕಡ್ಡಿ ಊರುವುದು, ಗೂಟಿ ಕಟ್ಟುವುದು, ಕಸಿ ಮಾಡುವುದು ಇವೆಲ್ಲ ಒಂದು ಗಿಡದ ದೇಹದಿಂದಲೇ ಇನ್ನೊಂದನ್ನು ಪಡೆಯುವ ಕ್ರಮಗಳು. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ 2006ರಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಮೇಲೆ ಕನ್ನಡೇತರ ಕೃಷಿವಿಜ್ಞಾನಿಗಳೂ ಇದನ್ನು ಬಳಸುತ್ತಿದ್ದಾರೆ. ಇದೇ ಸಂಸ್ಥೆ 1996ರಲ್ಲಿ ಹೊರತಂದ ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಉಳಿದುಬಂದ ಹಸ್ತಪ್ರತಿಯನ್ನು ಆಧರಿಸಿದ್ದು. ಆದರೆ ಈ ಹಳೆಯ ಕ್ರಮಗಳಲ್ಲಿ ಸಸಿಗಳ ಸಂಖ್ಯೆ ತಾಯಿಗಿಡದ ಕಂದು-ಕೊಂಬೆಗಳ ಸಂಖ್ಯೆಯನ್ನು ಮೀರುವಂತಿರಲಿಲ್ಲ.

ಆ ಮಿತಿಯನ್ನು ದಾಟುವ ಕಲ್ಪನೆ 1902ರಲ್ಲಿ ಆಸ್ಟ್ರಿಯದ ಗಾಟ್ಲೀಬ್ ಹೇಬರ್‌ಲಾಂಟ್ ಅವರದು. ಸಸ್ಯದ ಪ್ರತಿಯೊಂದು ಜೀವಕೋಶದಲ್ಲಿಯೂ ಇಡೀ ಸಸ್ಯವಾಗಿ ಬೆಳೆಯುವ ಶಕ್ತಿ ಅಡಗಿರಬೇಕೆಂದು ಅವರು ತರ್ಕಿಸಿದರು. ಬಿಡಿ ಕೋಶಗಳನ್ನು ಪೋಷಕ ದ್ರಾವಣದಲ್ಲಿ ಬದುಕಿಸಿದರೂ ಅವು ವಿಭಜನೆಯಾಗಲಿಲ್ಲ. 1939ರಲ್ಲಿ ಫ್ರಾನ್ಸಿನ ಗೋತ್ರೆ ಮತ್ತು ನೊಬೆಕೂರ್, ಅಮೆರಿಕದ ವೈಟ್ ಇವರು ಅಂಗಾಂಶವನ್ನು ಅನಿಶ್ಚಿತ ಕಾಲದವರೆಗೆ ಬೆಳೆಸುವುದರಲ್ಲಿ ಯಶಸ್ವಿಯಾದರು. ಹೀಗೆ ಬೆಳೆಯುವ ಆಕಾರವಿಲ್ಲದ ಕೋಶರಾಶಿಗೆ ಕ್ಯಾಲಸ್ ಎಂದು ಹೆಸರು; ಮುಂದಿನ ಚರ್ಚೆಗೆ ಇದು ಮುಖ್ಯವಾದ ಪದ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಅವರು ಹೊಗೆಸೊಪ್ಪಿನ ಕ್ಯಾಲಸ್ಸಿನಲ್ಲಿ ಎರಡು ಹಾರ್ಮೋನುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿ, ಆಕ್ಸಿನ್ ಹೆಚ್ಚಾದರೆ ಬೇರೂ ಸೈಟೋಕೈನಿನ್ ಹೆಚ್ಚಾದರೆ ಚಿಗುರೂ ಮೂಡುವುದನ್ನು ತೋರಿಸಿದರು. 1960ರಲ್ಲಿ ಜಾರ್ಜ್ ಮೊರೆಲ್ ಸೀತಾಳೆ ಹೂವಿನ ಜಾತಿಯೊಂದನ್ನು ಚಿಗುರಿನ ತುದಿಯಿಂದ ಹೆಚ್ಚಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಅವರು ರೂಪಿಸಿದ ಪೋಷಕ ಮಾಧ್ಯಮವು ಈಗಲೂ ಪ್ರಯೋಗಶಾಲೆಗಳಲ್ಲಿ ‘ಎಂಎಸ್’ ಎಂಬ ಹೆಸರಿನಿಂದ ಬಳಕೆಯಲ್ಲಿದೆ.

4

ಭಾರತದಲ್ಲಿ ಈ ವಿದ್ಯೆಯ ಮೊದಲ ಕೇಂದ್ರ ದೆಹಲಿ. 1949ರಲ್ಲಿ ಢಾಕಾದಿಂದ ದೆಹಲಿ ವಿಶ್ವವಿದ್ಯಾನಿಲಯಕ್ಕೆ ಬಂದ ಪಂಚಾನನ ಮಹೇಶ್ವರಿಯವರು ಸಸ್ಯಭ್ರೂಣಶಾಸ್ತ್ರದಲ್ಲಿ ಲೋಕಪ್ರಸಿದ್ಧರು. ಭ್ರೂಣಶಾಸ್ತ್ರವು ಆ ಕಾಲದಲ್ಲಿ ಭಾರತೀಯ ಸಸ್ಯವಿಜ್ಞಾನದ ಬಲವಾದ ಶಾಖೆಯಾಗಿತ್ತು. ಕನ್ನಡ ಓದುಗರಿಗೆ ‘ಹಸುರು ಹೊನ್ನು’ವಿನ ಮೂಲಕ ಆತ್ಮೀಯರಾದ ಬಿ. ಜಿ. ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು ನಡೆಸಿದ ಸಂಶೋಧನೆಯೂ ಬಹುಪಾಲು ಈ ಶಾಖೆಗೆ ಸೇರಿದ್ದೇ.

ದೆಹಲಿಯ ಎರಡು ಪ್ರಸಿದ್ಧ ಸಾಧನೆಗಳು ಔಷಧೀಯ ಸಸ್ಯಗಳಿಗೆ ಸಂಬಂಧಿಸಿದವು ಎಂಬ ಅಂಶ ಗಮನಾರ್ಹ. 1962ರಲ್ಲಿ ಕುಸುಮ್ ಕಾಂತಾ, ಎನ್. ಎಸ್. ರಂಗಸ್ವಾಮಿ ಮತ್ತು ಮಹೇಶ್ವರಿಯವರು ಅಫೀಮಿನ ಗಸಗಸೆ ಗಿಡದ ಅಂಡಕಗಳನ್ನು ಪರಾಗದೊಡನೆ ಪ್ರನಾಳದಲ್ಲಿ ಸೇರಿಸಿ ಅಲ್ಲಿಯೇ ಫಲೀಕರಣ ನಡೆಯುವಂತೆ ಮಾಡಿದರು. 1964ರಲ್ಲಿ ಸಿಪ್ರಾ ಗುಹಾ ಮತ್ತು ಎಸ್. ಸಿ. ಮಹೇಶ್ವರಿಯವರು ದತ್ತೂರಿಯ ಪರಾಗಕೋಶಗಳಿಂದ ಭ್ರೂಣಗಳನ್ನು ಪಡೆದು, 1966ರಲ್ಲಿ ಅವು ಪರಾಗರೇಣುಗಳಿಂದಲೇ ಹುಟ್ಟಿದವೆಂದು ಖಚಿತಪಡಿಸಿದರು. ಇವೆರಡೂ ‘ಪ್ರತಿ’ ತೆಗೆಯುವ ಪ್ರಯೋಗಗಳಾಗಿರಲಿಲ್ಲ. ಮೊದಲನೆಯದರಲ್ಲಿ ಹುಟ್ಟಿದ್ದು ಎರಡು ವಂಶಗಳ ಕೂಡುವಿಕೆಯ ಫಲ. ಎರಡನೆಯದರಲ್ಲಿ ಹುಟ್ಟಿದ್ದು ತಾಯಿಗಿಡದ ಅರ್ಧದಷ್ಟು ವರ್ಣತಂತುಗಳನ್ನು ಮಾತ್ರ ಹೊಂದಿದ ಸಸ್ಯ. ಭ್ರೂಣವು ಹೇಗೆ ರೂಪುಗೊಳ್ಳುತ್ತದೆ ಎಂಬುದೇ ಆ ವಿದ್ವಾಂಸರ ಮೂಲ ಪ್ರಶ್ನೆಯಾಗಿತ್ತು. ಪ್ರತಿಯ ನಿಷ್ಠೆಯನ್ನು ಕುರಿತ ಪ್ರಶ್ನೆ ಆಗ ಅವರ ಮುಂದೆ ಪ್ರಧಾನವಾಗಿ ಬರಲಿಲ್ಲವೆಂಬುದು ಸಹಜವೇ. ಸಸಿಗಳ ಉತ್ಪಾದನೆಯೇ ಗುರಿಯಾದಾಗ ಆ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು.

ಈ ಪರಿವರ್ತನೆಯನ್ನು ಶ್ರೀಗಂಧದ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ವೈದ್ಯದಲ್ಲಿಯೂ ಸುಗಂಧದ್ರವ್ಯದಲ್ಲಿಯೂ ಸಮಾನವಾಗಿ ಬೇಕಾದ ಈ ಮರ ಮೈಸೂರು ಸೀಮೆಯ ಆರ್ಥಿಕ ಚರಿತ್ರೆಯ ಭಾಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲ್ಪಟ್ಟ ಸ್ಪೈಕ್ ರೋಗವು ಅಸಂಖ್ಯ ಮರಗಳನ್ನು ನಾಶಮಾಡಿತು. ರೋಗಕ್ಕೆ ಸಿಕ್ಕದೆ ಉಳಿದ, ಎಣ್ಣೆಯ ಅಂಶ ಹೆಚ್ಚಾಗಿರುವ ಮರಗಳನ್ನು ಆರಿಸಿ ಹೆಚ್ಚಿಸುವುದು ಅಪೇಕ್ಷಣೀಯವಾಗಿತ್ತು; ಆದರೆ ಪರಕೀಯ ಪರಾಗಸ್ಪರ್ಶವೇ ಪ್ರಧಾನವಾದ ಈ ಜಾತಿಯಲ್ಲಿ ಬೀಜದ ಸಸಿಗಳು ತಾಯಿಮರದ ಗುಣವನ್ನು ಹಾಗೆಯೇ ತರುವುದಿಲ್ಲ. 1965ರಲ್ಲಿ ಪಿ. ಎಸ್. ರಾವ್ ಅವರು ಶ್ರೀಗಂಧದ ಭ್ರೂಣಗಳಿಂದ ಹೊಸ ಭ್ರೂಣಗಳು ಮೂಡುವುದನ್ನು ದೆಹಲಿಯ ‘ಫೈಟೋಮಾರ್ಫಾಲಜಿ’ ಪತ್ರಿಕೆಯಲ್ಲಿ ವರದಿ ಮಾಡಿದರು. 1979ರಲ್ಲಿ ಎರಡು ಕಡೆಗಳಿಂದ ಮುಂದಿನ ಹೆಜ್ಜೆ ಬಿತ್ತು: ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿ. ಎ. ಬಾಪಟ್ ಮತ್ತು ಪಿ. ಎಸ್. ರಾವ್ ಅವರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಲಕ್ಷ್ಮೀ ಸೀತಾ ಮತ್ತು ಸಹೋದ್ಯೋಗಿಗಳೂ ಶ್ರೀಗಂಧದ ಅಂಗಾಂಶದಿಂದ ಕಾಯಜ ಭ್ರೂಣಗಳನ್ನೂ ಕಿರುಸಸಿಗಳನ್ನೂ ಪಡೆದರು. ಬೆಂಗಳೂರಿನ ಪ್ರಯೋಗದಲ್ಲಿ ಭ್ರೂಣಗಳು ಮೂಡಿದ್ದು ಚಿಗುರಿನಿಂದ ಬೆಳೆಸಿದ ಕ್ಯಾಲಸ್ಸಿನಲ್ಲಿ.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಬೀಜದೊಳಗಿನ ಭ್ರೂಣದಿಂದ ಪ್ರತಿಗಳನ್ನು ತೆಗೆದರೆ, ಆ ಭ್ರೂಣವು ಮುಂದೆ ಎಂತಹ ಮರವಾಗುತ್ತಿತ್ತೆಂಬುದೇ ಅಜ್ಞಾತ. ಅಂದರೆ ಮಾತೃಪ್ರತಿಯ ಯೋಗ್ಯತೆಯೇ ಪರೀಕ್ಷಿತವಲ್ಲ. ಬೆಳೆದ ಮರದ ಚಿಗುರಿನಿಂದ ತೆಗೆದರೆ ಮಾತೃಪ್ರತಿ ಪರಿಚಿತ, ಆದರೆ ಕ್ಯಾಲಸ್ಸಿನ ಮೂಲಕ ಹಾದುಬಂದ ಪ್ರತಿಯಲ್ಲಿ ವ್ಯತ್ಯಾಸಗಳು ಸೇರಿರಬಹುದು. ಶ್ರೀಗಂಧದಲ್ಲಿ ಸುಗಂಧದ ಚೇಗು ಕೂಡಲು ಹತ್ತು ವರ್ಷಗಳಾದರೂ ಬೇಕು. ಪ್ರತಿ ತಪ್ಪಾಗಿದ್ದರೆ ಅದು ರೈತನಿಗೆ ತಿಳಿಯುವುದು ಅಷ್ಟು ಕಾಲದ ಅನಂತರ. 2001ರ ಕಾಯಿದೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಶ್ರೀಗಂಧದ ಒಡೆತನವು ಜಮೀನಿನ ಒಡೆಯನಿಗೆ ದೊರೆತು, ಸಸಿಗಳಿಗೆ ಬೇಡಿಕೆ ಬಂದರೂ ನೆಡುತೋಪುಗಳ ಸಸಿಗಳು ಬಹುಮಟ್ಟಿಗೆ ಬೀಜದಿಂದಲೇ ಬರುತ್ತಿವೆ.

5

ಯಥಾಪ್ರತಿಯೆಂಬ ನಂಬಿಕೆಗೆ ಮೊದಲ ಆಘಾತ ಔಷಧೀಯ ಸಸ್ಯಗಳಿಂದ ಬರಲಿಲ್ಲ. ಒಂದೇ ಗಿಡದ ವಿವಿಧ ಅಂಗಾಂಶಗಳ ಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಒಂದೇ ಆಗಿರಬೇಕೆಂದಿಲ್ಲ ಎಂಬುದನ್ನು ಇಟಲಿಯ ಫ್ರಾಂಚೆಸ್ಕೊ ದಾಮಾತೊ ಮೊದಲಾದ ಕೋಶವಿಜ್ಞಾನಿಗಳು ಬಹು ಹಿಂದೆಯೇ ಸೂಚಿಸಿದ್ದರು. 1970ರ ಆಸುಪಾಸಿನಲ್ಲಿ ಹವಾಯಿಯ ಹೈನ್ಜ್ ಮತ್ತು ಮೀ ಅವರು ಕಬ್ಬಿನ ಕ್ಯಾಲಸ್ಸಿನಿಂದ ಪಡೆದ ಗಿಡಗಳು ಒಂದರಂತೆ ಒಂದಿಲ್ಲದಿರುವುದನ್ನು ಕಂಡರು. ಜೆರೇನಿಯಂ, ಆಲೂಗಡ್ಡೆ ಮೊದಲಾದವುಗಳಲ್ಲಿಯೂ ಇದೇ ಅನುಭವವಾಯಿತು. 1981ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಅವರು ಚದುರಿಹೋಗಿದ್ದ ಈ ಎಲ್ಲ ವರದಿಗಳನ್ನು ಒಟ್ಟುಗೂಡಿಸಿ, ಅಂಗಾಂಶ ಕೃಷಿಯಿಂದ ಉಂಟಾಗುವ ವ್ಯತ್ಯಾಸಗಳಿಗೆ ‘ಸೋಮಾಕ್ಲೋನಲ್ ವ್ಯತ್ಯಯ’ವೆಂದು ಹೆಸರಿಟ್ಟರು. ಒಂದು ಹೆಸರು ದೊರೆತೊಡನೆ ಅದುವರೆಗೆ ಅಲಕ್ಷಿತವಾಗಿದ್ದ ಬಿಡಿ ದೋಷಗಳು ಒಂದು ಸಂಶೋಧನ ಕ್ಷೇತ್ರವಾಗಿ ಮಾರ್ಪಟ್ಟುವು.

ವ್ಯತ್ಯಯದ ಕಾರಣಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಎಲೆಯ ಕಂಕುಳಲ್ಲಿರುವ ಮೊಗ್ಗು ಆಗಲೇ ವ್ಯವಸ್ಥಿತವಾದ ಒಂದು ಕಿರುಚಿಗುರು. ಮಾಧ್ಯಮದಲ್ಲಿಟ್ಟಾಗ ಅದು ತಾನಿದ್ದ ಕ್ರಮದಲ್ಲಿಯೇ ಮುಂದುವರಿಯುತ್ತದೆ. ಆದ್ದರಿಂದ ಮೊಗ್ಗಿನಿಂದ ಪಡೆದ ಸಸಿಗಳಲ್ಲಿ ವ್ಯತ್ಯಾಸ ಕಡಿಮೆ. ಕ್ಯಾಲಸ್ಸಿನಲ್ಲಿ ಕೋಶಗಳು ತಮ್ಮ ಹಿಂದಿನ ಕರ್ತವ್ಯವನ್ನು ಬಿಟ್ಟು ನಿರಂಕುಶವಾಗಿ ವಿಭಜಿಸುತ್ತವೆ. ವರ್ಣತಂತುಗಳು ಇಮ್ಮಡಿಯಾಗುವುದು, ತುಂಡಾಗುವುದು, ಸುಪ್ತವಾಗಿದ್ದ ಜಿಗಿಯುವ ಜೀನುಗಳು ಎಚ್ಚತ್ತು ಸ್ಥಾನ ಬದಲಿಸುವುದು ಇವಕ್ಕೆ ಅವಕಾಶವಾಗುತ್ತದೆ. ಹಾರ್ಮೋನಿನ ಪ್ರಮಾಣ ಹೆಚ್ಚಾದಂತೆ, ಹೊಸ ಮಾಧ್ಯಮಕ್ಕೆ ವರ್ಗಾಯಿಸುವ ಸರದಿಗಳು ಹೆಚ್ಚಾದಂತೆ ಅಪಾಯವೂ ಹೆಚ್ಚುತ್ತದೆ. ಪ್ರತಿಯಿಂದ ಪ್ರತಿಗೆ ದೂರ ಹೋದಷ್ಟೂ ಸ್ಖಾಲಿತ್ಯಗಳು ಕೂಡುತ್ತವೆಂಬ ನಮ್ಮ ಶಾಸ್ತ್ರದ ಅನುಭವಕ್ಕೆ ಇದು ಹತ್ತಿರವಾಗಿದೆ.

ಜೀನಿನ ಅಕ್ಷರಗಳು ಬದಲಾಗದೆಯೂ ಪ್ರತಿ ಕೆಡಬಹುದೆಂಬುದನ್ನು ಕಲಿಸಿದ್ದು ಎಣ್ಣೆತಾಳೆ. ಇದು ಔಷಧೀಯ ಸಸ್ಯವಲ್ಲವಾದರೂ ಇದರ ಪಾಠ ಎಲ್ಲ ಸಸ್ಯಗಳಿಗೂ ಅನ್ವಯಿಸುವುದರಿಂದ ಇಲ್ಲಿ ಪ್ರಸ್ತಾಪ ಅಗತ್ಯ. 1970ರ ದಶಕದಲ್ಲಿ ಉತ್ತಮ ಎಣ್ಣೆತಾಳೆ ಮರಗಳನ್ನು ಆರಿಸಿ ಅಂಗಾಂಶ ಕೃಷಿಯಿಂದ ಹೆಚ್ಚಿಸುವ ಕಾರ್ಯ ಆರಂಭವಾಯಿತು. ಸಸಿಗಳು ನೋಡಲು ನಿರ್ದುಷ್ಟವಾಗಿದ್ದುವು. ತೋಟದಲ್ಲಿ ಹೂ ಬಿಟ್ಟಾಗ ಹಲವು ಮರಗಳ ಹೂಗಳು ವಿಕೃತವಾಗಿರುವುದು ಕಂಡುಬಂದು, 1986ರಲ್ಲಿ ಕಾರ್ಲೆ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ದೋಷ ತೀವ್ರವಾದ ಮರಗಳಲ್ಲಿ ಕಾಯಿ ನಿಲ್ಲುತ್ತಿರಲಿಲ್ಲ. ಕಾರಣ ತಿಳಿಯಲು ಸುಮಾರು ಮೂವತ್ತು ವರ್ಷಗಳು ಬೇಕಾದುವು. 2015ರಲ್ಲಿ ಮಲೇಷ್ಯದ ವಿಜ್ಞಾನಿಗಳ ನೇತೃತ್ವದ ತಂಡವು ಹೂವಿನ ರಚನೆಗೆ ಸಂಬಂಧಿಸಿದ ಜೀನೊಂದರ ಒಳಗೆ ನೆಲೆಸಿದ್ದ ‘ಕರ್ಮ’ ಎಂಬ ಹೆಸರಿನ ಜಿಗಿಯುವ ಜೀನಿನ ಮೇಲಿನ ಮೀಥೈಲ್ ಗುರುತುಗಳು ಅಂಗಾಂಶ ಕೃಷಿಯಲ್ಲಿ ಅಳಿಸಿಹೋಗಿರುವುದೇ ಈ ವಿಕಾರಕ್ಕೆ ಕಾರಣವೆಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿತು. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದುವು; ಯಾವ ಭಾಗವನ್ನು ಓದಬಾರದೆಂದು ಸೂಚಿಸುವ ಗುರುತು ಮಾತ್ರ ಅಳಿದಿತ್ತು.

6

ಸಂದೇಹ ಬಲವಾಗುತ್ತಿದ್ದ ಈ ದಶಕದಲ್ಲಿಯೇ ಭಾರತದಲ್ಲಿ ಅಂಗಾಂಶ ಕೃಷಿಯು ಸರ್ಕಾರದ ಕಾರ್ಯಕ್ರಮವಾಯಿತು. 1986ರಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ವಿಭಾಗ ಸ್ಥಾಪನೆಗೊಂಡಿತು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಕೇಂದ್ರದಲ್ಲಿ ಅಂಗಾಂಶ ರೂಪದಲ್ಲಿ ಸಸ್ಯಗಳನ್ನು ಕಾಪಿಡುವ ರಾಷ್ಟ್ರೀಯ ಭಂಡಾರ ಆರಂಭವಾಯಿತು. 1989ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿಯೂ ದೆಹಲಿಯ ಟಾಟಾ ಎನರ್ಜಿ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿಯೂ ಪ್ರಾಯೋಗಿಕ ಉತ್ಪಾದನ ಘಟಕಗಳು ಸ್ಥಾಪಿತವಾದುವು. ಪುಣೆಯ ಪ್ರಯೋಗಾಲಯದ ನಾಡಗೌಡ, ಪರಾಶರಾಮಿ ಮತ್ತು ಮಸ್ಕರೇನಸ್ ಅವರು, ಹೂ ಬಿಡಲು ದಶಕಗಳನ್ನೇ ತೆಗೆದುಕೊಳ್ಳುವ ಬಿದಿರು ಪ್ರನಾಳದಲ್ಲಿ ಕೆಲವೇ ತಿಂಗಳುಗಳಲ್ಲಿ ಹೂ ಬಿಟ್ಟು ಬೀಜ ಕಟ್ಟಿದುದನ್ನು 1990ರಲ್ಲಿ ಪ್ರಕಟಿಸಿದರು. ಗಾಜಿನೊಳಗಿನ ಬಾಳು ಸಸ್ಯದ ಕಾಲಗಣನೆಯನ್ನೇ ಬದಲಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಪ್ರತಿಯ ನಿಷ್ಠೆಯನ್ನು ಅಳೆಯುವ ಸಾಧನಗಳೂ ಇದೇ ಕಾಲದಲ್ಲಿ ಬದಲಾದುವು. ಮೊದಲು ಎಲೆಯ ಆಕಾರ, ಗಿಡದ ಎತ್ತರ ಮೊದಲಾದ ಬಾಹ್ಯ ಲಕ್ಷಣಗಳನ್ನೂ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳ ಸಂಖ್ಯೆಯನ್ನೂ ನೋಡಲಾಗುತ್ತಿತ್ತು. 1990ರಲ್ಲಿ ಬಂದ ‘ರ‍್ಯಾಪಿಡ್’ ಪರೀಕ್ಷೆಯು ಹತ್ತು ಅಕ್ಷರಗಳ ಡಿಎನ್ಎ ತುಣುಕೊಂದನ್ನು ಬಳಸಿ, ಅದಕ್ಕೆ ಹೊಂದುವ ಎರಡು ಜಾಗಗಳ ನಡುವಿನ ಭಾಗವನ್ನು ಹೆಚ್ಚಿಸಿ ಪಟ್ಟೆಗಳ ರೂಪದಲ್ಲಿ ತೋರಿಸುತ್ತದೆ. 1994ರಲ್ಲಿ ‘ಐಎಸ್ಎಸ್ಆರ್’, 1995ರಲ್ಲಿ ‘ಎಎಫ್ಎಲ್‌ಪಿ’ ಬಂದುವು. ತಾಯಿಗಿಡದ ಪಟ್ಟೆಗಳೂ ಸಸಿಗಳ ಪಟ್ಟೆಗಳೂ ಒಂದೇ ಆಗಿದ್ದರೆ ಸಸಿಗಳು ಆನುವಂಶಿಕವಾಗಿ ಸ್ಥಿರವೆಂದು ತೀರ್ಮಾನಿಸುವುದು ರೂಢಿಗೆ ಬಂದಿತು. ಭಾರತದ ಔಷಧೀಯ ಸಸ್ಯಗಳನ್ನು ಕುರಿತ ನೂರಾರು ಸಂಶೋಧನ ಪ್ರಬಂಧಗಳು ಈ ವಾಕ್ಯದಿಂದಲೇ ಮುಕ್ತಾಯವಾಗುತ್ತವೆ.

ಈ ತೀರ್ಮಾನದ ಬಲವೆಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶ್ರೀಗಂಧದ ಜೀನೋಮಿನಲ್ಲಿ ಸುಮಾರು 22 ಕೋಟಿ ಅಕ್ಷರಗಳಿವೆ. ಇಪ್ಪತ್ತು ತುಣುಕುಗಳನ್ನು ಬಳಸಿ, ತುಣುಕೊಂದಕ್ಕೆ ಹತ್ತರಂತೆ 200 ಪಟ್ಟೆಗಳು ದೊರೆತುವೆಂದು ಇಟ್ಟುಕೊಳ್ಳೋಣ. ಪ್ರತಿ ಪಟ್ಟೆಯ ಎರಡು ತುದಿಗಳಲ್ಲಿ ಹತ್ತು ಹತ್ತು ಅಕ್ಷರಗಳಂತೆ ನೇರವಾಗಿ ಓದಿದಂತಾಗುವುದು 4,000 ಅಕ್ಷರಗಳು. ಅಂದರೆ 55,000ದಲ್ಲಿ ಒಂದು ಪಾಲು. ನಡುವಿನ ಭಾಗದಲ್ಲಿ ದೊಡ್ಡ ಸೇರ್ಪಡೆ ಅಥವಾ ಲೋಪವಾಗಿದ್ದರೆ ಪಟ್ಟೆಯ ಸ್ಥಾನ ಸರಿದು ಅದು ತಿಳಿಯುತ್ತದೆ. ಒಂದೆರಡು ಅಕ್ಷರಗಳ ಬದಲಾವಣೆ ತಿಳಿಯುವುದಿಲ್ಲ. ಎಣ್ಣೆತಾಳೆಯಲ್ಲಿ ಅಳಿದಂತಹ ಮೀಥೈಲ್ ಗುರುತುಗಳನ್ನು ಈ ಪರೀಕ್ಷೆ ನೋಡುವುದೇ ಇಲ್ಲ. ಕೆಲವು ಗರಿಗಳ ಮೊದಲ ಮತ್ತು ಕೊನೆಯ ಪದಗಳನ್ನು ಮಾತ್ರ ಹೋಲಿಸಿ ಎರಡು ಹಸ್ತಪ್ರತಿಗಳು ಒಂದೇ ಎಂದು ನಿರ್ಣಯಿಸುವ ಸಂಪಾದಕನನ್ನು ನಾವು ಒಪ್ಪುವುದಿಲ್ಲ. ದೊಡ್ಡ ಅವಘಡಗಳನ್ನು ಹೊರಗಿಡಲು ಪಟ್ಟೆಗಳ ಪರೀಕ್ಷೆ ಉಪಯುಕ್ತ. ‘ವ್ಯತ್ಯಾಸ ಕಂಡುಬರಲಿಲ್ಲ’ ಎನ್ನುವುದನ್ನು ‘ವ್ಯತ್ಯಾಸವಿಲ್ಲ’ ಎಂದು ಓದುವಂತಿಲ್ಲ.

2006ರಲ್ಲಿ ಜೈವಿಕ ತಂತ್ರಜ್ಞಾನ ವಿಭಾಗವು 1966ರ ಬೀಜ ಕಾಯಿದೆಯ ಅಡಿಯಲ್ಲಿ ಪ್ರಮಾಣೀಕರಣದ ಅಧಿಕಾರವನ್ನು ಪಡೆದು, ಅಂಗಾಂಶ ಕೃಷಿಯ ಸಸಿಗಳಿಗಾಗಿ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ಜಾರಿಗೆ ತಂದಿತು. ಸಸಿಗಳು ವೈರಸ್ ಮುಕ್ತವಾಗಿವೆಯೇ, ತಾಯಿಗಿಡಕ್ಕೆ ಆನುವಂಶಿಕವಾಗಿ ನಿಷ್ಠವಾಗಿವೆಯೇ ಎಂಬ ಎರಡನ್ನು ಮಾನ್ಯತೆ ಪಡೆದ ಪ್ರಯೋಗಶಾಲೆಗಳು ಪರೀಕ್ಷಿಸುತ್ತವೆ. ಬಾಳೆ ಬೆಳೆಗಾರರಿಗೆ ಇದರಿಂದ ರಕ್ಷಣೆ ದೊರೆತಿದೆ. ಬಾಳೆಯ ತಪ್ಪು ಪ್ರತಿ ಒಂದು ವರ್ಷದಲ್ಲಿಯೇ ಗೊನೆಯ ರೂಪದಲ್ಲಿ ಬಯಲಾಗುತ್ತದೆ. ಔಷಧೀಯ ಸಸ್ಯದ ತಪ್ಪು ಪ್ರತಿ ಕಣ್ಣಿಗೆ ಕಾಣದೆಯೇ ಔಷಧದ ಅಂಗಡಿಗೆ ಹೋಗಬಹುದು.

7

ಇಲ್ಲಿ ಔಷಧೀಯ ಸಸ್ಯಗಳ ವೈಶಿಷ್ಟ್ಯವನ್ನು ಗಮನಿಸಬೇಕು. ಅಲಂಕಾರದ ಗಿಡದಲ್ಲಿ ನಮಗೆ ಬೇಕಾದ ಗುಣ ಹೊರಗೇ ಇರುತ್ತದೆ. ಸರ್ಪಗಂಧದಲ್ಲಿ ಬೇಕಾದದ್ದು ಬೇರಿನೊಳಗಿನ ಕ್ಷಾರಾಭ. ಶ್ರೀಗಂಧದಲ್ಲಿ ಚೇಗಿನೊಳಗಿನ ಎಣ್ಣೆ. ಇಂತಹ ರಾಸಾಯನಿಕಗಳು ಒಂದೇ ಜೀನಿನ ಫಲವಲ್ಲ. ಹಲವು ಕಿಣ್ವಗಳ ಸರಣಿಯಿಂದ, ಗಿಡದ ವಯಸ್ಸು, ಮಣ್ಣು, ಋತುಗಳ ಸಹಕಾರದಿಂದ ಅವು ಕೂಡುತ್ತವೆ. ಆದುದರಿಂದ ಡಿಎನ್ಎ ಪಟ್ಟೆಗಳ ಜೊತೆಗೆ, ಹೊಲದಲ್ಲಿ ಪಕ್ವಸ್ಥಿತಿಗೆ ಬಂದ ಗಿಡದ ರಾಸಾಯನಿಕ ವಿಶ್ಲೇಷಣೆಯನ್ನೂ ಮಾಡಿದಾಗ ಮಾತ್ರ ಪ್ರತಿಯು ಔಷಧದ ದೃಷ್ಟಿಯಿಂದ ನಿಷ್ಠವೆಂದು ಹೇಳಲು ಆಧಾರ ದೊರೆಯುತ್ತದೆ. ಪ್ರನಾಳದಿಂದ ಹೊರಬಂದ ಎಳೆಯ ಸಸಿಯ ಎಲೆಯನ್ನು ಪರೀಕ್ಷಿಸಿದರೆ ಬೇರಿನ ಅಥವಾ ಚೇಗಿನ ವಿಚಾರ ತಿಳಿಯುವುದಿಲ್ಲ.

ವ್ಯತ್ಯಯವೆಲ್ಲವೂ ಹಾನಿಯೆಂದೂ ಭಾವಿಸಬೇಕಾಗಿಲ್ಲ. ಲಖನೌದ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಜಾವಾ ಸಿಟ್ರೊನೆಲ್ಲ ತಳಿಯಾದ ‘ಬಯೊ-13’, ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯ ಸಾಸಿವೆ ತಳಿಯಾದ ‘ಪೂಸಾ ಜೈ ಕಿಸಾನ್’ ಇವೆರಡೂ ಇಂತಹ ವ್ಯತ್ಯಯಗಳಿಂದಲೇ ಆಯ್ದವು. ವ್ಯತ್ಯಾಸವನ್ನು ಗುರುತಿಸಿ, ಪರೀಕ್ಷಿಸಿ, ಹೊಸ ಹೆಸರಿಟ್ಟು ಬಿಡುಗಡೆ ಮಾಡುವುದು ತಳಿ ಅಭಿವೃದ್ಧಿ. ಗುರುತಿಸದೆ ಹಳೆಯ ಹೆಸರಿನಲ್ಲಿಯೇ ಹಂಚುವುದು ದೋಷ.

ಇದಕ್ಕೆ ವಿರುದ್ಧವಾದ ಇನ್ನೊಂದು ಆತಂಕವೂ ಉಂಟು. ಪ್ರತಿಗಳು ಪೂರ್ಣ ನಿಷ್ಠವಾದರೆ ಎಲ್ಲ ಹೊಲಗಳಲ್ಲಿಯೂ ಒಂದೇ ತಾಯಿಗಿಡ ನಿಂತಂತಾಗುತ್ತದೆ. ಅದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ. ಕಾಡಿನಲ್ಲಿರುವ ಸರ್ಪಗಂಧದ ಅಥವಾ ಶ್ರೀಗಂಧದ ವೈವಿಧ್ಯಕ್ಕೆ ಪ್ರಯೋಗಶಾಲೆಯ ಪ್ರತಿಗಳು ಬದಲಿಯಾಗಲಾರವು. ಬೆಂಗಳೂರಿನಲ್ಲಿ ನೆಲೆಗೊಂಡ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು 1993ರಿಂದ ಅರಣ್ಯ ಇಲಾಖೆಗಳೊಡನೆ ಸೇರಿ ದಕ್ಷಿಣದ ರಾಜ್ಯಗಳಲ್ಲಿ ಔಷಧೀಯ ಸಸ್ಯಗಳ ಸಂರಕ್ಷಣ ಕ್ಷೇತ್ರಗಳನ್ನು ರೂಪಿಸಿದ ಕಾರ್ಯದ ಮಹತ್ತ್ವ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಅನೇಕ ಮೂಲಗಳು ಉಳಿದಿರುವಾಗಲೇ ಒಂದು ಪ್ರತಿಯ ಗುಣದೋಷಗಳನ್ನು ತೂಗುವುದು ಸಾಧ್ಯ.

8

ಒಟ್ಟಿನಲ್ಲಿ, ಆನುವಂಶಿಕ ಸ್ಥಿರತೆಯೆಂಬುದು ಅಂಗಾಂಶ ಕೃಷಿಗೆ ಸ್ವತಃ ಸಿದ್ಧವಾದ ಗುಣವೂ ಅಲ್ಲ, ಅದರಲ್ಲಿ ಅಸಾಧ್ಯವಾದುದೂ ಅಲ್ಲ. ಯಾವ ತಾಯಿಗಿಡ, ಯಾವ ಅಂಗ, ಯಾವ ಮಾರ್ಗ, ಎಷ್ಟು ವರ್ಗಾವಣೆಗಳು ಎಂಬ ನಾಲ್ಕು ಸಂಗತಿಗಳ ಮೇಲೆ ಅದು ನಿಂತಿದೆ. ಪರೀಕ್ಷೆಗಳು ಇನ್ನೂ ಸೂಕ್ಷ್ಮವಾಗಬಹುದು. ಇಡೀ ಜೀನೋಮನ್ನೇ ಓದುವುದು ಈಗ ಸಾಧ್ಯವಾಗಿದೆ. ಆದರೂ ಈ ನಾಲ್ಕು ವಿವರಗಳ ದಾಖಲೆಯಿಲ್ಲದಿದ್ದರೆ ದೋಷ ಕಂಡಾಗ ಅದು ಎಲ್ಲಿ ಸೇರಿತೆಂದು ಹಿಂದಕ್ಕೆ ಹೋಗಿ ನೋಡುವ ದಾರಿಯಿರುವುದಿಲ್ಲ. ನಮ್ಮ ಲಿಪಿಕಾರರು ಕೃತಿಯ ಕೊನೆಯಲ್ಲಿ ಸಂವತ್ಸರ, ಊರು, ಯಾರ ಪ್ರತಿಯನ್ನು ನೋಡಿ ಬರೆದದ್ದು ಎಂಬುದನ್ನು ನಮೂದಿಸಿದ ಕಡೆಗಳಲ್ಲೆಲ್ಲ ಸಂಪಾದಕನ ಕೆಲಸ ಸುಗಮವಾಗಿದೆ. ನಮೂದಿಸದ ಕಡೆ ಊಹೆಯೇ ಗತಿಯಾಗಿದೆ.

ಈ ದೃಷ್ಟಿಯಿಂದ ಹೊರನಾಡಿನಲ್ಲಿರುವ ನಮ್ಮ ಸಂಶೋಧಕರಿಗೂ ಒಂದು ಕಾರ್ಯಕ್ಷೇತ್ರವಿದೆ. ಭಾರತದ ಅಂಗಾಂಶ ಕೃಷಿಯ ಆದಿಕಾಲದ ದಾಖಲೆಗಳು, ಅಂದರೆ ಪ್ರಯೋಗಶಾಲೆಗಳ ದಿನವಹಿ ಪುಸ್ತಕಗಳು, ತಾಯಿಗಿಡಗಳ ಪಟ್ಟಿಗಳು, ವಿಫಲ ಪ್ರಯೋಗಗಳ ಟಿಪ್ಪಣಿಗಳು, ಹುಟ್ಟಿದ್ದು ದೆಹಲಿ, ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿ. ಪ್ರಕಟಿತ ಪ್ರಬಂಧಗಳಲ್ಲಿ ಯಶಸ್ಸಿನ ಸಂಗತಿ ಬರುತ್ತದೆ. ಎಷ್ಟು ಸಸಿಗಳು ವಿಕೃತವಾಗಿ ಎಸೆಯಲ್ಪಟ್ಟುವೆಂಬುದು ದಿನವಹಿಯಲ್ಲಿ ಮಾತ್ರ ಇರುತ್ತದೆ. ಆ ಪೀಳಿಗೆಯ ವಿಜ್ಞಾನಿಗಳಲ್ಲಿ ಹಲವರು ಈಗಾಗಲೇ ಗತಿಸಿದ್ದಾರೆ. ಹಸ್ತಪ್ರತಿಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಪರಂಪರೆ ನಮ್ಮದು. ‘ಖಗೇಂದ್ರಮಣಿದರ್ಪಣ’ವು ಮದರಾಸು ವಿಶ್ವವಿದ್ಯಾನಿಲಯದಿಂದ ಅಚ್ಚಾಗಿ ಬಂದುದು ಅಂತಹ ಶ್ರಮದ ಫಲ. ಈ ದಿನವಹಿಗಳು ರದ್ದಿಗೆ ಹೋಗುವ ಮುನ್ನ ಅವುಗಳ ಸೂಚಿಯನ್ನಾದರೂ ತಯಾರಿಸುವುದು ವಿಜ್ಞಾನದ ಚರಿತ್ರೆಗೂ, ನಾಳೆ ಆ ಸಸಿಗಳಿಂದ ಔಷಧ ಪಡೆಯುವವರಿಗೂ ಪ್ರಯೋಜನಕರವಾದ ಕೆಲಸ.